ಸೀಳಿ ನೋಡಿದ ಕಡಲೆ ಗಿಡ

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ಹಾಲಿನವನು ಅಳೆದು ಕೊಟ್ಟು ಹೋದ ಮೇಲೆ ಪಾತ್ರೆಯನ್ನು ವಾಲಿಸಿ, ಅಂಚಿಗೆ ಹಾಲು ಎಷ್ಟು ಅಂಟಿದೆ ಎಂದು ನೋಡುವವಳು ನಾನು. ಬಸ್ಸಿನಲ್ಲಿ ಪಕ್ಕದವರು ನನ್ನ ಕಡೆ ತಿರುಗಿ ನಕ್ಕರೆ ಮೊದಲು ಚೀಲ ಹಿಡಿದುಕೊಳ್ಳುತ್ತೇನೆ, ಆಮೇಲೆ ನಗುತ್ತೇನೆ. ನರೇಗಲ್ಲಿನ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನನ್ನ ಗಂಡ ಒಕ್ಕಲುತನ ಮಾಡುತ್ತಾನೆ. ನಾನು ಸಾಲಿಗಿಂತ ಪೊಲೀಸ್ ಠಾಣೆಯಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನು ಆಗಾಗ ಹೇಳುತ್ತಾನೆ. ಅದು ಹೊಗಳಿಕೆಯೋ ಬೈಗುಳವೋ ಎಂಬುದರ ಮೇಲೂ ನನಗೆ ಅನುಮಾನವಿದೆ.

ಈ ಗುಣದಿಂದ ಇಷ್ಟು ವರ್ಷ ನಷ್ಟವಾದದ್ದೇನಿದ್ದರೂ ನನಗೇ ಆಗಿತ್ತು. ಎರಡು ವರ್ಷದ ಹಿಂದೆ ಮಾತ್ರ ಬೇರೊಬ್ಬರಿಗೆ ಆಯಿತು. ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಮೂವತ್ತು ವರ್ಷದಿಂದ ಊರಲ್ಲಿ ಗಳಿಸಿದ ಒಳ್ಳೆಯ ಹೆಸರು ನನ್ನ ಒಂದು ಮಾತಿಗೆ ಹೋಯಿತು. ಅದನ್ನು ವಾಪಸು ತರಲು ಏನು ಮಾಡಿದೆ, ಏನಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ನನ್ನ ಪರವಾಗಿ ಬರೆದುಕೊಳ್ಳುತ್ತಿದ್ದೇನೆ ಎಂದು ಓದುವವರಿಗೆ ಅನುಮಾನ ಬಂದರೆ ತಪ್ಪಿಲ್ಲ.

ನಮ್ಮ ಹೊಲ ಜಕ್ಕಲಿಯ ದಾರಿಯಲ್ಲಿದೆ. ಎರೆ ಭೂಮಿ. ಅಣ್ಣತಮ್ಮಂದಿರ ಹಿಸ್ಸೆಯಾದಾಗ ನಡುವೆ ಒಂದು ಬದು ಬಿತ್ತು. ಆಚೆ ನೆಗೆಣ್ಣಿಯ ಹೊಲ, ಈಚೆ ನಮ್ಮದು. ಅವಳ ಮನೆಯಲ್ಲಿ ಎತ್ತು, ಎಮ್ಮೆ ಎರಡೂ ಇವೆ. ದನಕ್ಕೆ ಮೇವಾಗಿ ಜೋಳದ ದಂಟು, ಅಂದರೆ ಕಣಿಕೆ, ಬೇಕೆಂದು ಹಿಂಗಾರಿಗೆ ಅವಳು ಪ್ರತಿ ವರ್ಷ ಬಿಳಿಜೋಳವನ್ನೇ ಬಿತ್ತುತ್ತಾಳೆ. ನಮಗೆ ದನ ಇಲ್ಲ, ಎಲ್ಲದಕ್ಕೂ ಬಾಡಿಗೆ ಟ್ರ್ಯಾಕ್ಟರ್. ಆಗ ನಾವು ಬಿತ್ತುತ್ತಿದ್ದದ್ದು ಕಡಲೆ. ಹಿಂದೆ ಒಂದು ವರ್ಷ ಕಡಲೆ, ಒಂದು ವರ್ಷ ಜೋಳ ಎಂದು ಬದಲಿಸುತ್ತಿದ್ದೆವು. ರೋಣದ ಪೇಟೆಯಲ್ಲಿ ಕಡಲೆಗೆ ಒಳ್ಳೆಯ ಧಾರಣೆ ಬಂದ ಮೇಲೆ ಬದಲಿಸುವುದು ಯಾಕೆ ಎಂದು ನಾನೇ ಹಟ ಹಿಡಿದೆ. ಗಂಡ ಎರಡು ಸಲ ಬೇಡ ಎಂದ. ಮೂರನೆಯ ಸಲ ಹೇಳುವ ಅಭ್ಯಾಸ ಅವನಿಗಿಲ್ಲ.

ನಮ್ಮ ಕಡೆ ಕಡಲೆ ಹುಳಿ ಹಿಡಿಯುವುದು ಅಂತ ಒಂದು ಕೆಲಸವಿದೆ. ಕಡಲೆ ಗಿಡದ ಮೈ ತುಂಬ ಸಣ್ಣ ಕೂದಲಿರುತ್ತದೆ, ಒಂದೊಂದು ಕೂದಲಿನ ತುದಿಗೂ ಹುಳಿಯಾದ ಒಂದು ಹನಿ. ಚಳಿಗಾಲದಲ್ಲಿ ಮಂಜು ಬಿದ್ದಾಗ ಆ ಹುಳಿ ಮಂಜಿನ ನೀರಿಗೆ ಇಳಿಯುತ್ತದೆ. ಬಿಸಿಲು ಏಳುವುದಕ್ಕೆ ಮುಂಚೆ ಒಂದು ಶುಭ್ರವಾದ ಹಳೆ ಧೋತರವನ್ನು ಗಿಡಗಳ ಮೇಲೆ ಹಾಸಿ ಮೆಲ್ಲಗೆ ಎಳೆಯುತ್ತ ಹೋಗಬೇಕು. ಬಟ್ಟೆ ತೊಯ್ದ ಮೇಲೆ ಪಿಂಗಾಣಿ ಭರಣಿಗೆ ಹಿಂಡಬೇಕು. ಹಿತ್ತಾಳೆ ಪಾತ್ರೆಗೆ ಹಿಂಡಿದರೆ ಹಸಿರುಗಟ್ಟುತ್ತದೆ. ಹೊಟ್ಟೆ ನೋವು, ಅಜೀರ್ಣ ಎಂದವರಿಗೆ ಒಂದು ಚಮಚ ಹುಳಿಯನ್ನು ನೀರಲ್ಲಿ ಬೆರೆಸಿ ಕೊಟ್ಟರೆ ಹಿತವೆನಿಸುತ್ತದೆ ಎಂಬುದು ಇಲ್ಲಿಯವರ ಅನುಭವ. ಹುಳಿ ಹಿಡಿಯುವವರ ಕಾಲ ಬೆರಳು ಮಾತ್ರ ಆ ಹುಳಿಗೆ ಸೀಳುಬಿಟ್ಟು ಉರಿಯುತ್ತವೆ.

ಇದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ. ಯಾರ ಹೊಲದಲ್ಲಿ ಬೇಕಾದರೂ ಹುಳಿ ಹಿಡಿಯಬಹುದು. ಮೊದಲ ಬಾಟಲಿ ಹೊಲದವರ ಮನೆಗೆ ತಲುಪಿದರಾಯಿತು. ಊರಲ್ಲಿ ಈ ಕೆಲಸವನ್ನು ಬಿಡದೆ ಮಾಡಿಕೊಂಡು ಬಂದವಳು ನನ್ನ ನೆಗೆಣ್ಣಿ ಒಬ್ಬಳೇ. ಅತ್ತೆ ಸಾಯುವ ಮುಂಚೆ ತಮ್ಮ ಧೋತರವನ್ನೂ ಭರಣಿಯನ್ನೂ ಅವಳ ಕೈಗೆ ಕೊಟ್ಟರು. ನಾನೂ ಅಲ್ಲೇ ನಿಂತಿದ್ದೆ. ಸಾಲಿಗೆ ಹೋಗುವವಳಿಗೆ ಮುಂಜಾನೆ ಪುರುಸೊತ್ತೆಲ್ಲಿ ಎಂದು ಅವರು ಯೋಚಿಸಿರಬಹುದು, ಅದು ಸರಿಯೂ ಇತ್ತು. ಆದರೂ ನನಗೆ ಹೊಟ್ಟೆಕಿಚ್ಚಾಯಿತು, ಅದು ಹುಳಿಗೆ ಇಳಿಯುವ ಹೊಟ್ಟೆನೋವಲ್ಲ. ಊರಿನ ಹೆಂಗಸರು ಕೂಸುಗಳನ್ನು ಬಗಲಲ್ಲಿ ಎತ್ತಿಕೊಂಡು ಅವಳ ಕಟ್ಟೆಗೆ ಬರುವುದನ್ನು ನಾನು ನಮ್ಮ ಕಿಟಕಿಯಿಂದ ನೋಡುತ್ತಿದ್ದೆ. ಅವಳು ಹೊಟ್ಟೆ ಮುಟ್ಟಿ ನೋಡಿ, ಇದಕ್ಕೆ ಹುಳಿ ಸಾಕು, ಇದಕ್ಕೆ ದವಾಖಾನೆಗೇ ಹೋಗಬೇಕು ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದಳು. ಬಿ.ಎಸ್ಸಿ. ಓದಿದ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಇನ್ನೊಂದು ರೂಢಿಯನ್ನೂ ಹೇಳಬೇಕು. ಕಡಲೆಯನ್ನು ನಮ್ಮಲ್ಲಿ ಬೇರು ಸಹಿತ ಕಿತ್ತು, ಒಣಗಿಸಿ, ಮಷೀನಿಗೆ ಹಾಕುತ್ತಾರೆ. ಕಾಳು ಒಂದು ಕಡೆ ಬೀಳುತ್ತದೆ, ಕಡ್ಡಿ, ಸಿಪ್ಪೆ, ಬೇರು ಎಲ್ಲ ಪುಡಿಯಾಗಿ ಹೊಟ್ಟು ಇನ್ನೊಂದು ಕಡೆ ಬೀಳುತ್ತದೆ. ದನ ಇಲ್ಲದ ಮನೆಯವರು ಹೊಟ್ಟನ್ನು ದನ ಇರುವವರಿಗೆ ಬಿಟ್ಟುಕೊಡುತ್ತಾರೆ. ಹಿಸ್ಸೆಯಾದಾಗಿನಿಂದ ನಮ್ಮ ಹೊಟ್ಟು ಬದು ದಾಟಿ ನೆಗೆಣ್ಣಿಯ ಎಮ್ಮೆಗೆ ಹೋಗುತ್ತಿತ್ತು.

ಮೂರು ವರ್ಷದ ಹಿಂದೆ, ಎರಡನೆಯ ಸಲ ಸತತವಾಗಿ ಕಡಲೆ ಬಿತ್ತಿದ್ದ ವರ್ಷ, ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಜೋತುಬಿದ್ದು ಒಣಗಿತು. ಇದಕ್ಕೆ ನಮ್ಮ ಕಡೆ ಸಿಡಿ ಹಾಯುವುದು ಅನ್ನುತ್ತಾರೆ. ಸ್ವಲ್ಪವೇ ಇತ್ತಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಣಗಿದ ಗಿಡಗಳನ್ನೂ ಉಳಿದವುಗಳ ಜೊತೆ ಕಿತ್ತು ಮಷೀನಿಗೆ ಹಾಕಿದರು. ನನ್ನ ಕಣ್ಣು ಬಿದ್ದದ್ದು ಬೇರೆ ಕಡೆ. ನೆಗೆಣ್ಣಿಯ ಗೋದಲಿಯಲ್ಲಿ ಎಮ್ಮೆ ಹೊಟ್ಟು ಮೇಯುತ್ತಿದ್ದಾಗ ಅದರೊಳಗೆ ಒಡೆಯದ ಕಾಯಿ ಕಂಡವು. ಒಂದು ಹಿಡಿ ತೆಗೆದು ನೋಡಿದೆ, ಏಳೆಂಟು ಇಡೀ ಕಾಯಿ. ಮಷೀನಿನವರಿಗೆ ಇವಳೇ ಏನೋ ಹೇಳಿರಬೇಕು, ಕಾಳು ಉಳಿಯುವ ಹಾಗೆ ಒಕ್ಕಿಸಿಕೊಂಡಿರಬೇಕು ಎಂದು ನನ್ನ ತಲೆ ಓಡಿತು. ಯಾವ ಮಷೀನಿನಲ್ಲೂ ಒಂದಷ್ಟು ಕಾಯಿ ಒಡೆಯದೆ ಉಳಿಯುತ್ತವೆ ಎಂದು ಗಂಡ ಹೇಳಿದ. ಅವನು ಅಣ್ಣನ ಮನೆಯ ಪರ ಎಂದು ನಾನು ತೀರ್ಮಾನಿಸಿದೆ.

ಅವಳ ಮನೆಗೆ ಅಷ್ಟರಲ್ಲಿ ಹೋದದ್ದು ಒಂದೆರಡು ಬುಟ್ಟಿ. ಉಳಿದ ಹೊಟ್ಟಿನ ಒಂದು ಹಿಡಿಯೂ ಬದು ದಾಟಬಾರದು ಎಂದು ಟ್ರ್ಯಾಕ್ಟರ್‌ನವನಿಗೆ ಹೇಳಿದೆ. ಭೂಮಿಗೆ ಗೊಬ್ಬರವಾಗಲಿ, ಎಲ್ಲವನ್ನೂ ನಮ್ಮ ಹೊಲದಲ್ಲೇ ಚೆಲ್ಲು ಎಂದೆ. ಜೀವಶಾಸ್ತ್ರದವಳು ಹೇಳಿದ ಮಾತಲ್ಲವೇ, ಕೇಳಲು ಚೆನ್ನಾಗಿತ್ತು. ಅವನು ಸೋಮಾರಿ. ಹೊಲದ ತುಂಬ ಹರಡುವ ಬದಲು ಬದುವಿಗೆ ಹತ್ತಿಕೊಂಡು ಟ್ರಾಲಿ ಓಡಿಸಿದ. ಹಿಂದಿನಿಂದ ಇಬ್ಬರು ಹೆಣ್ಣಾಳುಗಳು ಹೊಟ್ಟನ್ನು ಸಲಿಕೆಯಿಂದ ಕೆಳಗೆ ನೂಕಿದರು. ಬೇಸಿಗೆಯಲ್ಲಿ ಅದರ ಮೇಲೆ ಕುಂಟೆ ಹೊಡೆಸಿದೆವು, ಮಣ್ಣಿನಲ್ಲಿ ಸೇರಿಹೋಯಿತು.

ನೆಗೆಣ್ಣಿ ಬಂದು ಜಗಳ ತೆಗೆಯುತ್ತಾಳೆ ಎಂದು ಕಾದೆ. ಎಮ್ಮೆಗೆ ಹೊಟ್ಟು ಯಾಕೆ ಕೊಡಲಿಲ್ಲ ಎಂದು ಕೇಳುತ್ತಾಳೆ, ಆಗ ಕಾಯಿಯ ಮಾತು ತೆಗೆಯಬಹುದು ಎಂದು ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಅವಳು ಕೇಳಲೇ ಇಲ್ಲ. ಹಾದಿಯಲ್ಲಿ ಸಿಕ್ಕಾಗ ಚಹಾ ಆಯಿತೇ ಎಂದಳು, ಅಷ್ಟೇ. ಸಿಟ್ಟು ತೋರಿಸದ ಮನುಷ್ಯರನ್ನು ನಾನು ನಂಬುವುದಿಲ್ಲ. ಒಳಗೆ ಏನೋ ಇಟ್ಟುಕೊಂಡಿದ್ದಾಳೆ ಎಂಬುದು ನನಗೆ ಆಗಲೇ ಖಾತ್ರಿಯಾಗಿತ್ತು.

ಮೂರನೆಯ ಸಲವೂ ಕಡಲೆಯನ್ನೇ ಬಿತ್ತಿದೆವು. ಒಳ್ಳೆಯ ಹಸಿಯಿತ್ತು, ಬೆಳೆ ಚೆನ್ನಾಗಿ ಎದ್ದಿತು. ಹೂವು ಮುಗಿದು ಕಾಯಿ ಕಟ್ಟುವ ಹೊತ್ತಿಗೆ ಮಂಜು ಬೀಳತೊಡಗಿತು. ನೆಗೆಣ್ಣಿ ಧೋತರ ಹಿಡಿದುಕೊಂಡು ನಮ್ಮ ಹೊಲಕ್ಕೆ ಇಳಿದಳು. ಪ್ರತಿ ವರ್ಷದ ಹಾಗೆ ಬದುವಿನ ಪಕ್ಕದಿಂದ ಶುರು ಮಾಡಿದಳು, ಅದು ಅವಳ ಹೊಲಕ್ಕೆ ಹತ್ತಿರ. ಮೊದಲ ಬಾಟಲಿಯನ್ನು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಹೋದಳು. ನಾನು ಅದನ್ನು ಮುಟ್ಟಲಿಲ್ಲ.

ಎಂಟು ಹತ್ತು ದಿನದಲ್ಲಿ ಬದುವಿನ ಪಕ್ಕದ ಗಿಡಗಳು ಜೋತುಬಿದ್ದವು. ಎಲೆ ಹಳದಿಯಾಗಿರಲಿಲ್ಲ, ಹುಳ ತಿಂದಿರಲಿಲ್ಲ. ಹಸಿರು ಹಸಿರಾಗಿಯೇ, ನೀರಿಲ್ಲದ ಕೊತ್ತಂಬರಿ ಕಟ್ಟಿನಂತೆ ತಲೆ ಕೆಳಗೆ ಹಾಕಿದ್ದವು. ಬುಡದ ಮಣ್ಣನ್ನು ಕೆದರಿ ನೋಡಿದರೆ ಹಸಿ ಇತ್ತು. ಸಿಡಿ ಹಾಯ್ದಿದೆ ಎಂದ ಗಂಡ. ಸಿಡಿ ಅಲ್ಲೊಂದು ಇಲ್ಲೊಂದು ಬರುತ್ತದೆ, ಹೀಗೆ ಸಾಲು ಹಿಡಿದು ಬರುವುದಿಲ್ಲ ಎಂದೆ ನಾನು. ಬದುವಿನ ಉದ್ದಕ್ಕೂ ಒಂದೇ ಅಗಲದ ಪಟ್ಟಿ. ಅದರ ನಡುವೆ ನೆಗೆಣ್ಣಿಯ ಹೆಜ್ಜೆಯ ಗುರುತುಗಳು ಅಚ್ಚೊತ್ತಿದ ಹಾಗೆ ಕಾಣುತ್ತಿದ್ದವು. ಕಳೆನಾಶಕದಲ್ಲಿ ಬಟ್ಟೆ ಅದ್ದಿಕೊಂಡು ಬಂದಿದ್ದಾಳೆ, ಹೊಟ್ಟು ಕೊಡದ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾಳೆ ಎಂಬುದು ನನಗೆ ಹೊಳೆದದ್ದೇ ತಡ, ಅದಕ್ಕಿಂತ ಸ್ಪಷ್ಟವಾದದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ ಅನಿಸಿತು.

ಮರುದಿನ ಬೆಳಕು ಹರಿಯುವುದಕ್ಕೆ ಮುಂಚೆ ಹೋಗಿ ಅವಳ ಜೋಳದ ಮರೆಯಲ್ಲಿ ಕುಳಿತೆ. ವಯಸ್ಸು ನಲವತ್ತೆಂಟು, ಮೊಣಕಾಲು ನೋವು, ತಲೆಗೆ ಗಂಡನ ಮಫ್ಲರು. ಅವಳು ಬಂದಳು. ಒಣಗಿದ ಗಿಡಗಳ ಹತ್ತಿರ ನಿಂತು ಬಗ್ಗಿ ನೋಡಿದಳು, ಒಂದನ್ನು ಮುಟ್ಟಿದಳು. ಕೊಲೆಗಾರ ಕೊಲೆಯಾದ ಜಾಗಕ್ಕೆ ಬಂದೇ ಬರುತ್ತಾನೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ತಡೆದುಕೊಳ್ಳಲಾಗದೆ ಎದ್ದು ನಿಂತೆ. ಅವಳಿಗೆ ಗಾಬರಿಯಾಗಲಿಲ್ಲ, ನನಗೇ ಕಾಲು ಜೋಮು ಹಿಡಿದಿತ್ತು.

"ಆ ಅರಿವ್ಯಾಗ ಏನೈತಿ ಅಕ್ಕಾ?" ಎಂದು ಕೇಳಿದೆ.

"ಮಂಜ ಐತಿ," ಎಂದಳು. "ಮೂಸಿ ನೋಡ್ತಿ ಏನು? ನೋಡು."

ಧೋತರದ ತುದಿಯನ್ನು ನನ್ನ ಕಡೆ ಚಾಚಿದಳು. ನಾನು ನಿಜವಾಗಿಯೂ ಮೂಸಿದೆ. ಹುಳಿ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಇವತ್ತಿನದು ಶುದ್ಧ ಬಟ್ಟೆ ಇರಬೇಕು, ಮೊದಲ ದಿನದ್ದು ಬೇರೆ ಇತ್ತೇನೋ ಎಂದುಕೊಂಡೆ. ಅನುಮಾನ ಒಮ್ಮೆ ಕುಳಿತ ಮೇಲೆ ಎಲ್ಲವೂ ಅದಕ್ಕೆ ಸಾಕ್ಷಿಯಾಗುತ್ತದೆ. ವಾಸನೆ ಬಂದಿದ್ದರೂ ಸಾಕ್ಷಿ, ಬರದಿದ್ದರೂ ಸಾಕ್ಷಿ.

ಅದೇ ಸಂಜೆ ಹಿಟ್ಟಿನ ಗಿರಣಿಗೆ ಹೋಗಿದ್ದೆ. ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಹೆಂಗಸರು ಕುಳಿತಿದ್ದರು. ಪಕ್ಕದಲ್ಲಿದ್ದವಳ ಕಿವಿಗೆ ಬಾಯಿ ಇಟ್ಟು, ನಮ್ಮ ನೆಗೆಣ್ಣಿಯ ಬಟ್ಟೆ ತಾಗಿದ ಗಿಡ ಉಳಿಯುವುದಿಲ್ಲ, ಬೇಕಾದರೆ ನಮ್ಮ ಹೊಲ ನೋಡಿ ಬಾ ಎಂದು ಹೇಳುತ್ತಿದ್ದೆ. ಗಿರಣಿಯ ಸದ್ದಿಗೆ ಜೋರಾಗಿಯೇ ಹೇಳಬೇಕಿತ್ತು. ಅಷ್ಟರಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತು, ನನ್ನ ಮಾತು ಮಾತ್ರ ನಿಲ್ಲಲಿಲ್ಲ. ಎಲ್ಲರೂ ಕೇಳಿಸಿಕೊಂಡರು. ಕರೆಂಟಿನ ಮೇಲೆ ತಪ್ಪು ಹೊರಿಸಬಹುದು. ಆದರೆ ಎಲ್ಲರಿಗೂ ಕೇಳಲಿ ಎಂದು ನನಗೂ ಇತ್ತು, ಅದು ಖರೆ.

ಹೆಂಗಸರು ನಮ್ಮ ಹೊಲಕ್ಕೆ ಹೋಗಿ ನೋಡಿ ಬಂದರು. ಸಾಲು ಕಣ್ಣಿಗೆ ಕಾಣುವಂತಿತ್ತು, ಬೇರೆ ಪುರಾವೆ ಯಾರಿಗೆ ಬೇಕು. ನಾನು ಹೇಳಿದ್ದು ಕಳೆನಾಶಕದ ಅನುಮಾನ. ಊರು ಅದನ್ನು ತನಗೆ ಬೇಕಾದ ಹಾಗೆ ತಿದ್ದಿಕೊಂಡಿತು. ಹುಳಿಯ ಜೊತೆ ಅವಳ ಬಟ್ಟೆ ಗಿಡದ ಸತ್ವವನ್ನೂ ಎಳೆದುಬಿಡುತ್ತದೆ, ಅವಳ ಕೈ ಈಗ ಸರಿಯಿಲ್ಲ ಎಂದು ಮಾತಾಯಿತು. ಆ ವಾರದಲ್ಲೇ ಒಬ್ಬ ಹಿರಿಯ ತನ್ನ ಹೊಲದ ಅಂಚಿನಲ್ಲಿ ಕೈ ಅಡ್ಡ ಹಿಡಿದು ಅವಳನ್ನು ವಾಪಸು ಕಳಿಸಿದ. ಆಮೇಲೆ ಬೇರೆಯವರೂ ಬೇಡ ಎಂದರು. ಕೂಸು ಎತ್ತಿಕೊಂಡು ಅವಳ ಕಟ್ಟೆಗೆ ಬರುವವರು ಕಡಿಮೆಯಾಗಿ, ಕಡೆಗೆ ನಿಂತೇಹೋದರು. ಕಿಟಕಿಯಿಂದ ನಾನು ಅದನ್ನೂ ನೋಡಿದೆ. ಮೊದಮೊದಲು ಸಮಾಧಾನವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ.

ಅವಳು ಬಂದು ನನ್ನನ್ನು ಏನೂ ಕೇಳಲಿಲ್ಲ. ಅದೇ ನನಗೆ ನಿದ್ದೆ ಕೆಡಿಸಿತು. ಒಂದಿನ ಕೇಳಿಯೇ ಕೇಳುತ್ತಾಳೆ, ಆಗ ಕೈಯಲ್ಲಿ ಗಟ್ಟಿಯಾದ ಪುರಾವೆ ಇರಬೇಕು ಎಂದು ಒಂದು ಭಾನುವಾರ ಪ್ರಯೋಗಕ್ಕೆ ಕುಳಿತೆ.

ಹೈಸ್ಕೂಲಿನಲ್ಲಿ ನಾನು ಪ್ರತಿ ವರ್ಷ ಮಾಡಿಸುವ ಪ್ರಯೋಗ ಅದು. ಗಿಡದ ಒಳಗೆ ಎರಡು ಬಗೆಯ ನಾಳಗಳಿವೆ. ಕ್ಸೈಲಂ ಎಂಬುದು ಬೇರು ಹೀರಿದ ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಮೇಲಕ್ಕೆ ಒಯ್ಯುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರಿಗೆ, ಕಾಯಿಗೆ, ಎಲ್ಲಿ ಬೇಕೋ ಅಲ್ಲಿಗೆ ಹಂಚುವುದು ಫ್ಲೋಯಂ. ಬೇರು ನೀರನ್ನು ಮೇಲಕ್ಕೆ ನೂಕುತ್ತದೆ ಎಂದು ಮಕ್ಕಳು ಬರೆಯುತ್ತಾರೆ. ಬೇರಿನ ನೂಕು ಸ್ವಲ್ಪವೇ, ಹೆಚ್ಚಿನ ಕೆಲಸ ಎಲೆಯದು. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹೋದಷ್ಟನ್ನೂ ಎಲೆ ಕೆಳಗಿನಿಂದ ಎಳೆದುಕೊಳ್ಳುತ್ತದೆ. ನಾಳದೊಳಗೆ ನೀರು ಕಡಿಯದ ಎಳೆಯಾಗಿ ನಿಂತಿರುವುದರಿಂದ ಮೇಲೆ ಎಳೆದರೆ ಕೆಳಗಿನದು ಬರುತ್ತದೆ. ಕಾಂಡವನ್ನು ಬಣ್ಣದ ನೀರಲ್ಲಿ ನಿಲ್ಲಿಸಿದರೆ ಬಣ್ಣ ಹತ್ತುವುದು ಕಣ್ಣಿಗೇ ಕಾಣುತ್ತದೆ. ಇಪ್ಪತ್ತು ವರ್ಷದಿಂದ ಇದನ್ನು ಹೇಳುತ್ತಿದ್ದೇನೆ, ನನ್ನ ಹೊಲದ ಒಂದು ಗಿಡವನ್ನೂ ಅಲ್ಲಿಯವರೆಗೆ ಸೀಳಿ ನೋಡಿರಲಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಬಟ್ಟೆಯಿಂದ ಬಂದ ವಿಷವಾದರೆ ಅದು ಮೊದಲು ಎಲೆಗೆ ಬಿದ್ದಿರಬೇಕು. ಎಲೆ ಸುಟ್ಟಿರಬೇಕು, ನೀರಿನ ನಾಳ ಸರಿ ಇರಬೇಕು. ಹೊಲದ ನಡುವಿನಿಂದ ಒಂದು ಗಟ್ಟಿ ಗಿಡ, ಬದುವಿನ ಪಟ್ಟಿಯಿಂದ ಆಗಷ್ಟೇ ಜೋತುಬಿದ್ದ ಒಂದು ಹಸಿರು ಗಿಡ ತಂದೆ. ಎರಡರ ಬೇರಿನ ತುದಿಯನ್ನೂ ನೀರಿನೊಳಗೇ ಕತ್ತರಿಸಿ, ಜಿಲೇಬಿಗೆ ಹಾಕುವ ಕೆಂಪು ಬಣ್ಣ ಕದಡಿದ ಎರಡು ಲೋಟಗಳಲ್ಲಿ ನಿಲ್ಲಿಸಿದೆ. ಜೋತುಬಿದ್ದ ಗಿಡಕ್ಕೆ ನೀರು ಸಿಕ್ಕ ಕೂಡಲೇ ತಲೆ ಎತ್ತಬಹುದು, ಆಗ ಹೀಗೆ ಹೇಳಬೇಕು, ಹಾಗೆ ಹೇಳಬೇಕು ಎಂದು ರೊಟ್ಟಿ ಬಡಿಯುತ್ತಲೇ ವಾದ ಕೂಡಿಸುತ್ತಿದ್ದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಗಟ್ಟಿ ಗಿಡದ ಎಲೆಯ ನರಗಳು ಕೆಂಪಾಗಿದ್ದವು. ಇನ್ನೊಂದರಲ್ಲಿ ಏನೂ ಇಲ್ಲ. ಬುಡದಿಂದ ಎರಡು ಬೆರಳಿನಷ್ಟು ಮೇಲೆ ಬಣ್ಣ ನಿಂತುಬಿಟ್ಟಿತ್ತು. ಕಾಲು ನೀರಿನಲ್ಲೇ ಇದ್ದರೂ ಎಲೆ ಇನ್ನಷ್ಟು ಜೋತುಬಿದ್ದಿತ್ತು. ನಾನು ಬಣ್ಣ ಸರಿಯಾಗಿ ಕದಡಲಿಲ್ಲವೇನೋ ಎಂದು ನನ್ನ ಮೇಲೇ ಅನುಮಾನಪಟ್ಟು, ಲೋಟ ಬದಲಿಸಿದೆ. ಸಂಜೆಯವರೆಗೂ ಅದು ಹಾಗೆಯೇ ಇತ್ತು.

ಗಂಡನ ದಾಡಿಯ ಬ್ಲೇಡಿನಿಂದ ಎರಡೂ ಕಾಂಡಗಳನ್ನು ಉದ್ದಕ್ಕೆ ಸೀಳಿದೆ. ಗಟ್ಟಿ ಗಿಡದ ಒಳಗೆ ಬೆಳ್ಳಗಿತ್ತು, ನಡುವೆ ಕೆಂಪು ಎಳೆಗಳು. ಜೋತುಬಿದ್ದ ಗಿಡದ ಹೊರಮೈ ನುಣ್ಣಗಿತ್ತು, ಎಲೆಯ ಮೇಲೆ ಒಂದು ಕಲೆ ಇರಲಿಲ್ಲ, ಬೇರೂ ಕೊಳೆತಿರಲಿಲ್ಲ. ಒಳಗೆ ಮಾತ್ರ ಬೇರಿನಿಂದ ಮೇಲಕ್ಕೆ ಒಂದು ಕಪ್ಪು ಗೆರೆ, ಕಾಡಿಗೆಯಿಂದ ಎಳೆದ ಹಾಗೆ. ನೀರಿನ ನಾಳವೇ ಕಪ್ಪಾಗಿ ಕಟ್ಟಿಹೋಗಿತ್ತು.

ಇದು ಏನೆಂದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿ, ಪರೀಕ್ಷೆಗೆ ಬರೆದು, ಮಾರ್ಕು ತೆಗೆದುಕೊಂಡಿದ್ದೆ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನೊಳಗೆ ಹೊಕ್ಕು ನೀರಿನ ನಾಳದಲ್ಲೇ ಮನೆ ಮಾಡುತ್ತದೆ. ಅದನ್ನು ತಡೆಯಲು ಹೋಗಿ ಗಿಡ ತಾನೇ ತನ್ನ ನಾಳಕ್ಕೆ ಅಂಟು ತುಂಬಿಕೊಳ್ಳುತ್ತದೆ. ಶತ್ರು ಅರ್ಧ ಮುಚ್ಚಿದ್ದನ್ನು ತಾನು ಪೂರ್ತಿ ಮುಚ್ಚುತ್ತದೆ. ಬುಡದಲ್ಲಿ ಎಷ್ಟು ಹಸಿ ಇದ್ದರೂ ಎಲೆಗೆ ಹನಿ ನೀರು ಸಿಗುವುದಿಲ್ಲ. ಊರಿನವರು ಸಿಡಿ ಎನ್ನುವುದು ಇದಕ್ಕೇ. ಎಲೆಯ ಮೇಲೆ ಎಳೆದ ಬಟ್ಟೆಗೂ ಬೇರಿನಿಂದ ಹತ್ತಿದ ಆ ಕಪ್ಪು ಗೆರೆಗೂ ಏನೂ ಸಂಬಂಧವಿರಲಿಲ್ಲ.

ಆದರೂ ಸಾಲು ಯಾಕೆ ಎಂಬ ಒಂದು ಎಳೆ ಉಳಿದಿತ್ತು, ಅದನ್ನು ಹಿಡಿದು ಜೋತಾಡಿದೆ. ಕತ್ತಲಾಗುವುದರೊಳಗೆ ಹೊಲಕ್ಕೆ ಹೋಗಿ ಒಣಗಿದ ಪಟ್ಟಿಯ ಅಗಲವನ್ನು ಹೆಜ್ಜೆಯಲ್ಲಿ ಅಳೆದೆ. ಬದುವಿನ ಈ ತುದಿಯಿಂದ ಆ ತುದಿಯವರೆಗೂ ಒಂದೇ ಅಗಲ. ಅವಳು ನಡೆದ ಜಾಗ ಅಷ್ಟು ಅಗಲವಿರಲಿಲ್ಲ. ಪಟ್ಟಿ ದಾಟಿ ಹೊಲದ ಒಳಗೂ ಅವಳ ಹೆಜ್ಜೆ ಹೋಗಿದ್ದವು, ಅಲ್ಲಿಯ ಗಿಡಗಳು ಗಟ್ಟಿಯಾಗಿದ್ದವು. ಬಗ್ಗಿ ಮಣ್ಣು ಕೆದರಿದೆ. ಹಳೆಯ ಕಡಲೆ ಬೇರಿನ ತುಂಡುಗಳು, ಪುಡಿಯಾದ ಕಡ್ಡಿ, ಅರ್ಧ ಕೊಳೆತ ಸಿಪ್ಪೆ ಕೈಗೆ ಬಂದವು. ಹಿಂದಿನ ವರ್ಷದ ಹೊಟ್ಟು. ಟ್ರಾಲಿ ಹೋದ ದಾರಿ ಅದು. ಸಿಡಿ ಹಾಯ್ದ ಗಿಡಗಳನ್ನು ಬೇರು ಸಹಿತ ಪುಡಿ ಮಾಡಿಸಿ, ನೆಗೆಣ್ಣಿಯ ಎಮ್ಮೆಗೆ ಸಿಗಬಾರದೆಂದು ನಾನೇ ಮಣ್ಣಿಗೆ ಸೇರಿಸಿ, ಅದರ ಮೇಲೆ ಮತ್ತೆ ಕಡಲೆ ಬಿತ್ತಿಸಿದ್ದೆ. ಎಂದಿನಂತೆ ಆ ಹೊಟ್ಟು ಪೂರ್ತಿ ಬದು ದಾಟಿ ಹೋಗಿದ್ದರೆ ಈ ಪಟ್ಟಿಗೆ ಇಷ್ಟು ರೋಗ ಬೀಳುತ್ತಿರಲಿಲ್ಲ. ಅಲ್ಲೇ ಬದುವಿನ ಮೇಲೆ ಕುಳಿತು ಅತ್ತುಬಿಟ್ಟೆ.

ಸೀಳಿದ ಎರಡು ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ಮರುದಿನ ಅವಳ ಮನೆಗೆ ಹೋದೆ. ಅವಳು ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಕ್ಸೈಲಂನಿಂದ ಹಿಡಿದು ಟ್ರಾಲಿಯವರೆಗೆ ಎಲ್ಲವನ್ನೂ ಹೇಳಿದೆ. ಗಿರಣಿಯಲ್ಲಿ ಹಾಗೆ ಹೇಳಿದ್ದು ನಾನೇ, ತಪ್ಪಾಯಿತು ಎಂದೆ. ಎಮ್ಮೆಗೆ ನೀರು ಕುಡಿಸುತ್ತಲೇ ಅವಳು ಕೇಳಿಸಿಕೊಂಡಳು. ಕಡ್ಡಿಗಳನ್ನು ಬಿಚ್ಚಿ ತೋರಿಸಲು ಹೋದೆ, ಕೈ ಅಡ್ಡ ಮಾಡಿದಳು.

"ನನಗ್ಯಾಕ ತೋರಸ್ತಿ?" ಎಂದಳು. "ನಾ ಏನೂ ಮಾಡಿಲ್ಲಂತ ನನಗ ಮೊದಲಽ ಗೊತ್ತೈತಿ. ಊರಿಗೆ ತೋರಸು."

ತೋರಿಸಿದೆ. ಅದೇ ಗಿರಣಿಗೆ, ಹೆಂಗಸರು ಕೂಡುವ ಅದೇ ಹೊತ್ತಿಗೆ, ಹತ್ತು ಗಿಡ ಕಿತ್ತುಕೊಂಡು ಹೋದೆ. ಈ ಸಲ ಕರೆಂಟು ಹೋಗಲಿಲ್ಲ. ಗಿರಣಿಯ ಸದ್ದಿನ ಮೇಲೆ ಕಿರುಚಿ ಹೇಳಿದೆ. ಒಂದೊಂದನ್ನೇ ಸೀಳಿ, ಒಳಗಿನ ಕಪ್ಪು ಗೆರೆಯನ್ನು ಒಬ್ಬೊಬ್ಬರ ಕಣ್ಣ ಮುಂದೆ ಹಿಡಿದೆ. ಇದು ಮಣ್ಣಿನಿಂದ ಬಂದದ್ದು, ಹೊಟ್ಟು ಚೆಲ್ಲಿಸಿದವಳು ನಾನು, ಅವಳ ಬಟ್ಟೆಯದೇನೂ ತಪ್ಪಿಲ್ಲ ಎಂದೆ. ಹೆಂಗಸರು ಗೆರೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಹಾಲಿನ ಪಾತ್ರೆಯನ್ನು ನೋಡುವ ನೋಟ ಅದು, ನನಗೆ ಅದರ ಗುರುತು ಚೆನ್ನಾಗಿ ಇದೆ. ಒಬ್ಬ ಮುದುಕಿ ತನ್ನ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದಳು:

"ಮನಿ ಮಾನ ಮುಚ್ಚಾಕ ಬಂದೀರಿ, ಇರ್ಲಿ ಬಿಡ್ರಿ ಟೀಚರ್. ಮೊದಲ ಹೇಳಿದ್ದಽ ಖರೇ ಇರ್ಬೇಕು."

ಬರೀ ಬಾಯಿಮಾತಿನಲ್ಲಿ ನಾನು ಹೇಳಿದ ಸುಳ್ಳಿಗೆ ಯಾರೂ ಪುರಾವೆ ಕೇಳಿರಲಿಲ್ಲ. ಕಡ್ಡಿ ಸೀಳಿ ತೋರಿಸಿದ ಸತ್ಯವನ್ನು ಯಾರೂ ನಂಬಲಿಲ್ಲ. ಅವಳೇ ನನ್ನನ್ನು ಹೆದರಿಸಿ ಕಳಿಸಿದ್ದಾಳೆ ಎಂದು ಇನ್ನೊಂದು ಮಾತು ಹುಟ್ಟಿಕೊಂಡಿತು ಎಂದು ಆಮೇಲೆ ಕೇಳಿದೆ. ಮತ್ತೆ ಮತ್ತೆ ಹೇಳಿದೆ, ಮನೆ ಮನೆಗೆ ಹೋಗಿ ಹೇಳಿದೆ. ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಗುತ್ತ ಹೋಯಿತು. ನಾನು ಅವರ ಜಾಗದಲ್ಲಿದ್ದರೂ ನಂಬುತ್ತಿರಲಿಲ್ಲ.

ಸಿಡಿ ಹಾಯ್ದ ನೆಲದಲ್ಲಿ ನಾಲ್ಕು ವರ್ಷವಾದರೂ ಕಡಲೆ ಬಿತ್ತಬಾರದು. ಶಿಲೀಂಧ್ರ ಅಷ್ಟು ಕಾಲ ಮಣ್ಣಿನಲ್ಲಿ ಕಾದು ಕುಳಿತಿರುತ್ತದೆ. ಹೀಗಾಗಿ ಹೋದ ವರ್ಷದಿಂದ ನಮ್ಮ ಹೊಲದಲ್ಲೂ ಬಿಳಿಜೋಳ ಬಂತು. ಗಂಡನಿಗೆ ಹೇಳಿ ಕಣಿಕೆಯನ್ನೆಲ್ಲ ಬದು ದಾಟಿಸಿದೆ. ನೆಗೆಣ್ಣಿ ಬೇಡ ಎನ್ನಲಿಲ್ಲ, ಎಮ್ಮೆಗೂ ನನ್ನ ತಪ್ಪಿಗೂ ಸಂಬಂಧವಿಲ್ಲ ಎಂದು ತೆಗೆದುಕೊಂಡಳು. ನನ್ನ ಜೊತೆ ಮಾತು ಬಿಟ್ಟಿಲ್ಲ, ಸಿಟ್ಟನ್ನೂ ತೋರಿಸಿಲ್ಲ. ಈಗ ಅದನ್ನು ನೋಡಿ ಅನುಮಾನ ಬರುವುದಿಲ್ಲ, ಬರೀ ಸಂಕಟವಾಗುತ್ತದೆ.

ಈ ವರ್ಷ ಮಂಜು ಬೀಳಲು ಶುರುವಾದ ದಿನ ಮುಂಜಾನೆ ನಾನೇ ಅವಳನ್ನು ಹುಡುಕಿಕೊಂಡು ಹೊಲಕ್ಕೆ ಹೋದೆ. ಬದುವಿನ ಮೇಲೆ ನಿಂತಿದ್ದಳು. ಹೆಗಲ ಮೇಲೆ ಒಗೆದು ಮಡಚಿದ ಧೋತರವಿತ್ತು. ಸುತ್ತಲಿನ ಕಡಲೆ ಹೊಲಗಳೆಲ್ಲ ಮಂಜಿನಲ್ಲಿ ಬೆಳ್ಳಗಿದ್ದವು, ಯಾವುದರಲ್ಲಿಯೂ ಅವಳಿಗೆ ಕಾಲಿಡಲು ಬಿಡುವವರಿರಲಿಲ್ಲ. ಬಿಡುತ್ತಿದ್ದ ಹೊಲ ನಮ್ಮದೊಂದೇ, ಅದರಲ್ಲಿ ಎದೆಯೆತ್ತರ ಜೋಳ ನಿಂತಿತ್ತು.

"ನಿಮ್ಮ ಹೊಲದಾಗ ಮತ್ತ ಕಡ್ಲಿ ಯಾವಾಗ ಬಿತ್ತತೀರಿ?" ಎಂದು ಕೇಳಿದಳು.

ಇನ್ನೂ ಮೂರು ವರ್ಷ ಆಗಬೇಕು ಎಂದೆ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ, ಕಾಲು ನೋಡಿದೆ. ಸೀಳು ಪೂರ್ತಿ ಮಾಯ್ದು ಬೆರಳುಗಳು ನುಣ್ಣಗಾಗಿದ್ದವು.

ಅವಳು ಧೋತರವನ್ನು ಹೆಗಲಿಂದ ತೆಗೆದು ಇನ್ನೊಂದು ಮಡಿಕೆ ಮಡಚಿದಳು.

"ಅಲ್ಲೀತನ ಊರಾಗಿನ ಕೂಸುಗೋಳ ಹೊಟ್ಟಿಗೆ ಹೇಳಿ ಇಡು," ಎಂದಳು. "ತಡ್ಕೊಂಡಿರ್ಲಿ."